ಧಣಿಯ ಕಾಗದದಲ್ಲಿ ಆಳಿನ ಹೆಸರು

ಪ್ರಶ್ನೆ: ಅಣ್ಣಾ, ನನ್ನ ಮಗ ಅಮೆರಿಕದ ಜಾರ್ಜಿಯಾದಲ್ಲಿದ್ದಾನೆ. ಅವನ ಜೊತೆ ಕೆಲಸ ಮಾಡುವ ಗೆಳೆಯನ ಹಿರಿಯರು ಹತ್ತಿ ತೋಟದಲ್ಲಿ ಗುಲಾಮರಾಗಿದ್ದರಂತೆ. ಅವರ ಹೆಸರು 1870ರ ಜನಗಣತಿಯಲ್ಲಿದೆ, ಅದರ ಹಿಂದೆ ಏನೂ ಸಿಗುವುದಿಲ್ಲ. ತೋಟದ ಧಣಿ ಯಾರೆಂದು ಮಾತ್ರ ಗೊತ್ತು. ಮುಂದೆ ಎಲ್ಲಿ ಹುಡುಕಬೇಕು?
— ಓದುಗಿ, ಬದಿಯಡ್ಕ

ಉತ್ತರ: ಅಕ್ಕಾ, ಧಣಿ ಯಾರೆಂದು ಗೊತ್ತಿದ್ದರೆ ದೊಡ್ಡ ಕಷ್ಟ ಕಳೆಯಿತು. ಆಸ್ತಿ ಪತ್ರ ಬರೆದೇ ಬದುಕಿದವನು ನಾನು. ಆಳಿನ ಸುದ್ದಿ ಬೇಕಾದರೆ ಧಣಿಯ ಪೆಟ್ಟಿಗೆಯನ್ನೇ ತೆರೆಯಬೇಕು.

ಗಣತಿಯ ಪುಸ್ತಕದಿಂದ ಜಾಸ್ತಿ ನಿರೀಕ್ಷೆ ಬೇಡ. 1850 ಮತ್ತು 1860ರಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ ಇತ್ತು. ಧಣಿಯ ಹೆಸರು, ಅದರ ಕೆಳಗೆ ಒಬ್ಬೊಬ್ಬರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ಅವರ ಹೆಸರನ್ನೂ ಬರೆಯಬೇಕೆಂಬ ಮಾತು ಸೆನೆಟ್‌ನಲ್ಲಿ ಬಂದಿತ್ತು. ದಕ್ಷಿಣದ ಸೆನೆಟರ್‌ಗಳು ವಿರೋಧಿಸಿದರು, ಅದು ಬಿದ್ದುಹೋಯಿತು. 1860ರ ಹೊತ್ತಿಗೆ ಗುಲಾಮರ ಸಂಖ್ಯೆ 39 ಲಕ್ಷ ದಾಟಿತ್ತು.

ಸರ್ಕಾರ ಬರೆಯದ ಹೆಸರನ್ನು ಧಣಿ ಮನೆಯಲ್ಲಿ ಬರೆದಿಡುತ್ತಿದ್ದ. ದಯೆಯಿಂದಲ್ಲ, ಅವರು ಅವನ ಆಸ್ತಿ ಅಲ್ವಾ! ಯಾರು ಎಷ್ಟು ಪೌಂಡ್ ಹತ್ತಿ ಬಿಡಿಸಿದರು, ಯಾರಿಗೆ ಕಂಬಳಿ ಕೊಟ್ಟಾಯಿತು, ಯಾವ ತಾಯಿಗೆ ಯಾವಾಗ ಮಗು ಹುಟ್ಟಿತು, ಎಲ್ಲ ಇರುತ್ತದೆ. ಥಾಮಸ್ ಅಫ್ಲೆಕ್ ಎಂಬವನು ಇದಕ್ಕೆಂದೇ ಲೆಕ್ಕದ ಪುಸ್ತಕ ಅಚ್ಚು ಹಾಕಿಸಿ ಮಾರುತ್ತಿದ್ದ. ವರ್ಷದ ಕೊನೆಗೆ ಒಬ್ಬೊಬ್ಬ ಆಳಿನ ಬೆಲೆ ಎಷ್ಟಾಯಿತು ಎಂದು ಬರೆಯಲಿಕ್ಕೂ ಅದರಲ್ಲಿ ಜಾಗವಿತ್ತು. ಧಣಿಯ ಡೈರಿ ಸಿಕ್ಕಿದರೆ ಓದಲಿ, ಆದರೆ ನಾನು ನಂಬುವುದು ಲೆಕ್ಕದ ಪುಸ್ತಕವನ್ನು. ಡೈರಿಯಲ್ಲಿ ಎಲ್ಲ ಧಣಿಗಳೂ ಒಳ್ಳೆಯವರೇ.

ಆಮೇಲೆ ಕೌಂಟಿ ಕೋರ್ಟಿನ ಕಾಗದ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಧಣಿ ಸತ್ತಾಗ ಆಸ್ತಿಯ ಪಟ್ಟಿ ಮಾಡುತ್ತಿದ್ದರು. ಆಳಿನ ಹೆಸರು, ಪಕ್ಕದಲ್ಲಿ ಡಾಲರ್. ಹೇಸರಗತ್ತೆ, ನೇಗಿಲು, ಮಂಚವೂ ಅದೇ ಪಟ್ಟಿಯಲ್ಲಿ. ಉಯಿಲಿನಲ್ಲಿ ಯಾವ ಆಳು ಯಾವ ಮಗಳ ಪಾಲಿಗೆ ಹೋದರು ಎಂದಿರುತ್ತದೆ. ಹಾಗಾಗಿ ಅಳಿಯಂದಿರ ಕಾಗದಗಳನ್ನೂ ಬಿಡಬಾರದು. ಸಾಲಕ್ಕೆ ಆಳನ್ನು ಅಡವಿಟ್ಟ ಪತ್ರಗಳೂ ಇವೆ. ದೂರದ ಊರಿನ ಕಥೆ ಅಂತ ಮೂಗು ಮುರಿಯುವುದು ಬೇಡ. ನಮ್ಮ ಕನ್ನಡ ಜಿಲ್ಲೆಯಲ್ಲೂ ಮೂಲದಾಳುಗಳನ್ನು, ಅಂದರೆ ತಲೆಮಾರಿನಿಂದ ಧಣಿಗೆ ಕಟ್ಟುಬಿದ್ದ ಆಳುಗಳನ್ನು, ಮಾರುತ್ತಿದ್ದರು, ಅಡವಿಡುತ್ತಿದ್ದರು. ಗುಲಾಮರ ಮೇಲಿನ ಹಕ್ಕನ್ನು ಕೋರ್ಟುಗಳು ಮಾನ್ಯ ಮಾಡಬಾರದೆಂಬ ಕಾಯ್ದೆ ಬಂದದ್ದು 1843ರಲ್ಲಿ.

ಅಮೆರಿಕದಲ್ಲಿ ಗುಲಾಮಗಿರಿ ಕೊನೆಯಾದ 1865ರ ನಂತರದ ಎರಡು ದಾಖಲೆಗಳನ್ನು ತಪ್ಪದೆ ನೋಡಲಿ. ಒಂದು, ಫ್ರೀಡ್‌ಮೆನ್ಸ್ ಬ್ಯೂರೋ, ಅಂದರೆ ಬಿಡುಗಡೆಯಾದವರ ನೆರವಿನ ಸರ್ಕಾರಿ ಕಚೇರಿಯ ಮುಂದೆ ಆದ ಕೂಲಿ ಕರಾರುಗಳು. ಇನ್ನೊಂದು, ಬಿಡುಗಡೆಯಾದವರು ಹಣ ಕೂಡಿಡುತ್ತಿದ್ದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕ. ಖಾತೆ ತೆರೆದವರ ತಂದೆತಾಯಿ, ಒಡಹುಟ್ಟಿದವರು, ಕೆಲವೊಮ್ಮೆ ಹಳೇ ಧಣಿಯ ಹೆಸರೂ ಅದರಲ್ಲಿ ಸಿಗುತ್ತದೆ. ಬಿಡುಗಡೆಯಾದವರೆಲ್ಲ ಕೊನೆಯ ಧಣಿಯ ಅಡ್ಡಹೆಸರನ್ನೇ ಇಟ್ಟುಕೊಳ್ಳಲಿಲ್ಲ. ಅಡ್ಡಹೆಸರು ಹೊಂದಲಿಲ್ಲವೆಂದು ಹುಡುಕುವುದನ್ನು ನಿಲ್ಲಿಸಬಾರದು.

ಇನ್ನೊಂದು ಮಾತು. ತೋಟ ಆಗ ಯಾವ ಕೌಂಟಿಯಲ್ಲಿತ್ತು ಎಂದು ಮೊದಲು ಖಚಿತ ಮಾಡಿಕೊಳ್ಳಲಿ. 1956ರ ಮೊದಲು ಕಾಸರಗೋಡಿನ ನಾವು ಮಂಗಳೂರಿನ ಜಿಲ್ಲೆಗೆ ಸೇರಿದ್ದ ಹಾಗೆ, ಅಲ್ಲೂ ಗಡಿಗಳು ಬದಲಾಗಿವೆ. ಹಳೇ ಕಾಗದವನ್ನು ಹಳೇ ಕೌಂಟಿಯಲ್ಲೇ ಕೇಳಬೇಕು.