ಫೈಲುಗಳು ಬದಲಾದರೂ ರಿವಿಷನ್ ಸಂಖ್ಯೆ ಅದೇ ಇರುವುದೇಕೆ?

ಪ್ರಶ್ನೆ: ನಮ್ಮ ಸಿ ಪ್ರೋಗ್ರಾಂನ ಕೋಡ್, ಬದಲಾವಣೆಗಳ ದಾಖಲೆ ಇಡುವ ಸಬ್‌ವರ್ಷನ್‌ನಲ್ಲಿದೆ. ‘ಅಬೌಟ್’ ಪರದೆಯಲ್ಲಿ ರಿವಿಷನ್ ಸಂಖ್ಯೆ ತೋರಿಸಲು ಒಂದು ಹೆಡರ್ ಫೈಲಿನಲ್ಲಿ ಎರಡು ಡಾಲರ್ ಚಿಹ್ನೆಗಳ ನಡುವೆ ‘ರಿವಿಷನ್’ ಕೀವರ್ಡ್ ಹಾಕಿದ್ದೇವೆ. ಬೇರೆ ಫೈಲುಗಳನ್ನು ಎಷ್ಟು ಸಲ ಕಮಿಟ್ ಮಾಡಿದರೂ (ಬದಲಾವಣೆ ದಾಖಲಿಸಿದರೂ) ಹಳೆಯ ಸಂಖ್ಯೆಯೇ ಕಾಣುತ್ತದೆ. ಸದ್ಯದಲ್ಲೇ ಅದೇ ಕೆಲಸದ ಇನ್ನೊಂದು ಸಾಧನವಾದ ಗಿಟ್‌ಗೆ ಹೋಗುವವರಿದ್ದೇವೆ. ಅಲ್ಲಿ ಏನು ಮಾಡಬೇಕು?

ಉತ್ತರ: ಕೀವರ್ಡ್ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಆ ಹೆಡರ್ ಫೈಲು ಕೊನೆಯ ಸಲ ಬದಲಾದದ್ದು ಯಾವ ರಿವಿಷನ್‌ನಲ್ಲಿ ಎಂದಷ್ಟೇ ಅದು ಹೇಳುತ್ತದೆ. ಇಡೀ ರೆಪಾಸಿಟರಿಯ (ಕೋಡ್ ಸಂಗ್ರಹದ) ಸಂಗತಿ ಅದಕ್ಕೆ ಬೇಡ. ಸಂಖ್ಯೆ ಏರಲೆಂದು ಪ್ರತಿ ಕಮಿಟ್‌ಗೂ ಹೆಡರ್‌ನಲ್ಲಿ ಏನಾದರೂ ತಿದ್ದುವವರಿದ್ದಾರೆ. ಆ ದಾರಿ ಹಿಡಿಯಬೇಡಿ, ಬ್ರಾಂಚ್ (ಕೋಡಿನ ಕವಲು) ಮರ್ಜ್ ಮಾಡುವಾಗಲೆಲ್ಲ ಅಲ್ಲೇ ಕಾನ್‌ಫ್ಲಿಕ್ಟ್ (ಬದಲಾವಣೆಗಳ ಘರ್ಷಣೆ) ಬರುತ್ತದೆ. ಸಂಖ್ಯೆಯನ್ನು ಬಿಲ್ಡ್ (ಕೋಡ್‌ನಿಂದ ಪ್ರೋಗ್ರಾಂ ತಯಾರಿ) ಆಗುವ ಹೊತ್ತಿಗೆ ಕೇಳಿ ಬರೆಸಿಕೊಳ್ಳಬೇಕು.

ಸಬ್‌ವರ್ಷನ್ ಜೊತೆಗೇ ಬರುವ ‘ಎಸ್‌ವಿಎನ್‌ವರ್ಷನ್’ ಆಜ್ಞೆಯನ್ನು ವರ್ಕಿಂಗ್ ಕಾಪಿಯ (ನಿಮ್ಮ ಕಂಪ್ಯೂಟರಿನಲ್ಲಿರುವ ಪ್ರತಿಯ) ಮೇಲ್ಮಟ್ಟದ ಫೋಲ್ಡರಿನಲ್ಲಿ ಓಡಿಸಿ. ಬರಿಯ 4168 ಬಂದರೆ ಎಲ್ಲ ಫೈಲೂ ಒಂದೇ ರಿವಿಷನ್‌ನಲ್ಲಿವೆ. 4123:4168 ಎಂದು ಬಂದರೆ ಗಾಬರಿ ಬೇಡ: ಕಮಿಟ್ ಮಾಡಿದ ಫೈಲು ಮುಂದೆ ಹೋಗಿದೆ, ಉಳಿದವು ಅಪ್‌ಡೇಟ್ ಆಗದೆ ಹಿಂದೆ ನಿಂತಿವೆ. ಕೊನೆಯಲ್ಲಿ ‘ಎಂ’ ಅಂಟಿಕೊಂಡಿದ್ದರೆ ಕಮಿಟ್ ಆಗದ ಬದಲಾವಣೆ ಇದೆ ಎಂದರ್ಥ. ಬಿಡುಗಡೆಯ ಬಿಲ್ಡ್ ಸ್ಕ್ರಿಪ್ಟ್ ಇವೆರಡರಲ್ಲಿ ಯಾವುದು ಕಂಡರೂ ನಿಂತುಬಿಡಬೇಕು.

ಈ ಉತ್ತರವನ್ನು ಹೆಡರ್‌ಗೆ ಬರೆಸಿದರೆ, ಅದನ್ನು ಇನ್‌ಕ್ಲೂಡ್ ಮಾಡಿದ ಫೈಲುಗಳೆಲ್ಲ ಮತ್ತೆ ಕಂಪೈಲ್ ಆಗುತ್ತವೆ. ಒಂದು ಪುಟ್ಟ ಸಿ ಫೈಲಿನಲ್ಲಿ ಸ್ಟ್ರಿಂಗ್ ಆಗಿ ಇಡಿ, ಹೆಡರ್‌ನಲ್ಲಿ ‘ಎಕ್ಸ್‌ಟರ್ನ್’ ಘೋಷಣೆ ಮಾತ್ರ ಇರಲಿ. ಸ್ಕ್ರಿಪ್ಟ್ ಮೊದಲು ತಾತ್ಕಾಲಿಕ ಫೈಲಿಗೆ ಬರೆದು, ಹಳೆಯದರ ಜೊತೆ ಹೋಲಿಸಿ, ವ್ಯತ್ಯಾಸವಿದ್ದರೆ ಮಾತ್ರ ಅದರ ಜಾಗಕ್ಕೆ ಹಾಕಲಿ. ಹೀಗೆ ಹುಟ್ಟಿದ ಫೈಲು ಇಗ್ನೋರ್ ಪಟ್ಟಿಯಲ್ಲಿರಬೇಕು, ಕಮಿಟ್ ಆಗಕೂಡದು. ಬಿಲ್ಡ್ ಸಾಧನವಾದ ಸಿಮೇಕ್ ಬಳಸುವವರು ಒಂದು ಗಮನಿಸಿ: ‘ಎಕ್ಸಿಕ್ಯೂಟ್ ಪ್ರೊಸೆಸ್’ ಓಡುವುದು ಕಾನ್ಫಿಗರ್ ಮಾಡುವಾಗ ಮಾತ್ರ. ಆಮೇಲೆ ಎಷ್ಟು ಬಿಲ್ಡ್ ಮಾಡಿದರೂ ಹಳೆಯ ಸಂಖ್ಯೆಯೇ ಉಳಿಯುತ್ತದೆ. ಪ್ರತಿ ಬಿಲ್ಡ್‌ಗೂ ಓಡುವ ಕಸ್ಟಮ್ ಟಾರ್ಗೆಟ್ ಬೇಕು.

ಗಿಟ್‌ನಲ್ಲಿ ಏರುತ್ತ ಹೋಗುವ ರಿವಿಷನ್ ಸಂಖ್ಯೆಯೇ ಇಲ್ಲ. ಕಮಿಟ್‌ನ ಹ್ಯಾಷ್ (ಅದನ್ನು ಗುರುತಿಸುವ ಅಕ್ಷರ-ಅಂಕಿಗಳ ಸಾಲು) ಅದರ ವಿಷಯದಿಂದಲೇ ಲೆಕ್ಕವಾಗುವುದರಿಂದ ಅದನ್ನು ಮೊದಲೇ ಫೈಲಿನಲ್ಲಿ ಬರೆದಿಡಲೂ ಆಗದು. ‘ಗಿಟ್ ಡಿಸ್ಕ್ರೈಬ್’ ಆಜ್ಞೆಗೆ ಟ್ಯಾಗ್ಸ್, ಆಲ್ವೇಸ್, ಡರ್ಟಿ ಈ ಮೂರು ಆಯ್ಕೆ ಕೊಡಿ. 2.3 ಟ್ಯಾಗ್ (ಒಂದು ಕಮಿಟ್‌ಗೆ ಕೊಟ್ಟ ಹೆಸರು) ಆದಮೇಲೆ 14 ಕಮಿಟ್ ಆಗಿದ್ದರೆ ಟ್ಯಾಗ್, 14, ಚುಟುಕು ಹ್ಯಾಷ್ ಮೂರೂ ಅಡ್ಡಗೆರೆಗಳ ನಡುವೆ ಸಾಲಾಗಿ ಬರುತ್ತವೆ. ಹ್ಯಾಷ್‌ನ ಮುಂದಿರುವ ‘ಜಿ’ ಹ್ಯಾಷ್‌ಗೆ ಸೇರಿದ್ದಲ್ಲ. ಕಮಿಟ್ ಆಗದ ಬದಲಾವಣೆ ತೋರಿಸುವ ಡರ್ಟಿ ಆಯ್ಕೆಗೆ ಒಂದು ಕುರುಡು ಉಂಟು: ಇನ್ನೂ ಆಡ್ ಮಾಡದ ಹೊಸ ಫೈಲು ಅದಕ್ಕೆ ಕಾಣುವುದಿಲ್ಲ.

ಸರ್ವರ್‌ನಲ್ಲಿ ಬಿಲ್ಡ್ ಮಾಡುವಾಗ ಟ್ಯಾಗ್ ಮಾಯವಾಗಿ ಬರಿಯ ಹ್ಯಾಷ್ ಬಂದರೆ, ಅಲ್ಲಿ ಡೆಪ್ತ್ 1ರ ಶಾಲೋ ಕ್ಲೋನ್ (ಕೊನೆಯ ಕಮಿಟ್ ಮಾತ್ರ ಇರುವ ನಕಲು) ಆಗಿದೆಯೇ ನೋಡಿ. ಟ್ಯಾಗ್ ಸಹಿತ ಪೂರ್ತಿ ಇತಿಹಾಸ ತರಿಸಿ. ಜಿಪ್ ಮಾಡಿ ಹಂಚುವ ಕೋಡ್‌ನಲ್ಲಿ ಗಿಟ್ ಫೋಲ್ಡರೇ ಇರುವುದಿಲ್ಲ. ಜಿಪ್ ಮಾಡುವ ಮೊದಲು ಡಿಸ್ಕ್ರೈಬ್ ಉತ್ತರವನ್ನು ಒಂದು ಪಠ್ಯ ಫೈಲಿನಲ್ಲಿ ಬರೆದು ಒಳಗಿಡಿ, ಗಿಟ್ ಸಿಗದಾಗ ಸ್ಕ್ರಿಪ್ಟ್ ಅದನ್ನೇ ಓದಲಿ.