ಪ್ರತಿಕ್ರಿಯೆ: ಕಳ್ಳಿಪೀರ ಮತ್ತು ಏರೋಪ್ಲೇನ್ ಚಿಟ್ಟೆಯ ಬೇಟೆ

ಹಸಿರು ಕಳ್ಳಿಪೀರವೂ ಪಾಂಟಾಲ ಫ್ಲಾವೆಸೆನ್ಸ್ ಎಂಬ ಹಳದಿ ಏರೋಪ್ಲೇನ್ ಚಿಟ್ಟೆಯೂ ಗಾಳಿಯಲ್ಲೇ ಕೀಟ ಹಿಡಿಯುವುದರಿಂದ ಅವುಗಳ ಬೇಟೆಯ ಕ್ರಮ ಒಂದೇ ಅಲ್ಲವೇ, ಅವು ಪರಸ್ಪರ ಪ್ರತಿಸ್ಪರ್ಧಿಗಳೇ ಎಂದು ತಾವು ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಹೋಲಿಕೆ ಮೇಲ್ನೋಟದ್ದು.

ಕಳ್ಳಿಪೀರ ಕಾದು ಕೂರುವ ಬೇಟೆಗಾರ. ತಂತಿಯ ಮೇಲೋ ಒಣಕೊಂಬೆಯ ಮೇಲೋ ಕುಳಿತು ತಲೆಯನ್ನು ಅತ್ತಿತ್ತ ಹೊರಳಿಸುತ್ತಿದ್ದು, ಕೀಟ ಕಂಡೊಡನೆ ಚಿಮ್ಮಿ, ತುಸು ಬಾಗಿದ ನೀಳ ಕೊಕ್ಕಿನ ತುದಿಯಲ್ಲಿ ಅದನ್ನು ಹಿಡಿದು, ಬಹುಮಟ್ಟಿಗೆ ಹೊರಟ ಜಾಗಕ್ಕೇ ಮರಳುತ್ತದೆ. ಆಮೇಲಿನ ಕೆಲಸವೇ ನೋಡತಕ್ಕದ್ದು: ಜೇನ್ನೊಣವನ್ನು ಕೊಂಬೆಗೆ ಪಟಪಟನೆ ಬಡಿದು, ಅದರ ಹಿಂತುದಿಯನ್ನು ತೊಗಟೆಗೆ ತಿಕ್ಕಿ, ವಿಷ ಹೊರಬಂದ ಮೇಲೆಯೇ ನುಂಗುತ್ತದೆ.

ಹೆಸರಿಗೆ ಮಾತ್ರ ಚಿಟ್ಟೆಯಾದ ಪಾಂಟಾಲ ಹಗಲಿನಲ್ಲಿ ಕೂರುವುದೇ ಕಡಿಮೆ. ಬುಡದಲ್ಲಿ ಅಗಲವಾದ ಹಿಂರೆಕ್ಕೆಗಳ ಬಲದಿಂದ ಗಂಟೆಗಟ್ಟಲೆ ತೇಲುತ್ತ, ಮುಳ್ಳುಮುಳ್ಳಾದ ಕಾಲುಗಳನ್ನು ಬುಟ್ಟಿಯಂತೆ ಜೋಡಿಸಿ ಸೊಳ್ಳೆಯಂಥ ಸಣ್ಣ ಕೀಟಗಳನ್ನು ಬಾಚಿಕೊಂಡು, ಹಾರುತ್ತಲೇ ಅಗಿದು ಮುಗಿಸುತ್ತದೆ. ಇದರ ಬಳಗದ ಕೀಟಗಳು ಬೇಟೆಯ ಬೆನ್ನಟ್ಟುವುದಕ್ಕಿಂತ ಅದು ಮುಂದೆ ತಲುಪಲಿರುವ ಜಾಗಕ್ಕೆ ಗುರಿಯಿಟ್ಟು ಅಡ್ಡಗಟ್ಟುವುದರಲ್ಲಿ ನಿಪುಣವಾಗಿವೆ. ಬೆರಗು ಹುಟ್ಟಿಸುವುದು, ನನ್ನ ಮಟ್ಟಿಗೆ, ಹಕ್ಕಿಗಿಂತ ಈ ಕೀಟವೇ.

ಇನ್ನು ಪ್ರತಿಸ್ಪರ್ಧೆಯ ಮಾತು. ಬಾಲದ ಕಡ್ಡಿಗಳನ್ನು ಬಿಟ್ಟು ಹಕ್ಕಿಯ ಉದ್ದ 16ರಿಂದ 18 ಸೆಂಟಿಮೀಟರ್. ಪಾಂಟಾಲದ್ದು ಸುಮಾರು 4.5 ಸೆಂಟಿಮೀಟರ್. ಆದ್ದರಿಂದ ಇವು ಎದುರುಬದುರಾದಾಗ ಚಿಟ್ಟೆ ಸ್ಪರ್ಧಿಯಲ್ಲ, ತುತ್ತು. ಅದಕ್ಕೆ ಕೊಂಡಿಯಿಲ್ಲದ ಕಾರಣ ತಿಕ್ಕುವ ಗೊಡವೆಯೂ ಇಲ್ಲ; ನಾಲ್ಕು ಸಲ ಬಡಿದರೆ ಹಕ್ಕಿಯ ಊಟ ಸಿದ್ಧ.