ಪ್ರಾರ್ಥನೆಗೆ ಯಾವ ಬೈಬಲ್, ಅಭ್ಯಾಸಕ್ಕೆ ಯಾವುದು?

ಓದುಗರ ಪತ್ರ: ಉಡುಪಿಯ ನಿವೃತ್ತ ಟೀಚರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರದು ಬಾಸೆಲ್ ಮಿಷನ್ ಕಾಲದಿಂದ ಬಂದ ಸಿಎಸ್‌ಐ (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟೆಂಟ್) ಕುಟುಂಬ. ಸೊಸೆ ಶಿರ್ವ ಕಡೆಯ ಕಥೋಲಿಕ್ ಮನೆಯವರು. ಮೊಮ್ಮಗ ಇಂಗ್ಲಿಷ್ ಮೀಡಿಯಂ ಹುಡುಗ. ಮನೆಯಲ್ಲಿ ತುಳು, ಪ್ರಾರ್ಥನೆ ಕನ್ನಡದಲ್ಲಿ, ಸೊಸೆಯ ಬೈಬಲ್ ಕನ್ನಡ ಲಿಪಿಯ ಕೊಂಕಣಿಯಲ್ಲಿ. ಅವರ ಪ್ರಶ್ನೆಗಳು ಇಷ್ಟು: "ಅಜ್ಜನ ಕಾಲದ ಸತ್ಯವೇದವನ್ನು (ಹಳೆಯ ಕನ್ನಡ ಬೈಬಲನ್ನು) ಸಂಜೆಯ ಪ್ರಾರ್ಥನೆಗೆ ಇಟ್ಟುಕೊಂಡು, ನನ್ನ ಅಭ್ಯಾಸಕ್ಕೆ ಹೊಸ ಅನುವಾದ ಕೊಳ್ಳಬೇಕು ಅಂತಿದ್ದೇನೆ. ಯಾವುದು ಒಳ್ಳೆಯದು? ಮೊಮ್ಮಗನ ಇಂಗ್ಲಿಷ್ ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದ 37ನೇ ವಚನವೇ ಇಲ್ಲ. ಅಚ್ಚಿನ ತಪ್ಪೋ, ಬೇಕೆಂದೇ ತೆಗೆದದ್ದೋ? ಸೊಸೆಯ ಬೈಬಲಿನಲ್ಲಿ ಏಳು ಪುಸ್ತಕ ಜಾಸ್ತಿ ಯಾಕೆ? ಮಗ ಇಂಗ್ಲಿಷ್ ಓದು ಸಾಕು ಅನ್ನುತ್ತಾನೆ, ಅದು ಸರಿಯಾ?"

ಟೀಚರೇ, ನಮಸ್ಕಾರ.

ಪತ್ರದಲ್ಲಿ ನಿಮ್ಮ ಸಿಟ್ಟು ಹೆಚ್ಚಾಗಿ ಕಾಣುವುದು ಆ 37ನೇ ವಚನದ ಹತ್ತಿರ. ಮೊದಲು ಅದನ್ನೇ ಮುಗಿಸೋಣ. ಇಂಥ ವಚನಗಳ ಪಟ್ಟಿ ಮಾಡಿ "ಬೈಬಲಿಗೆ ಕತ್ತರಿ" ಅಂತ ವಾಟ್ಸಾಪಿನಲ್ಲಿ ಕಳಿಸುವವರು ನಮ್ಮ ಊರಿನಲ್ಲೂ ಬೇಕಾದಷ್ಟು ಇದ್ದಾರೆ.

ಕಥೆ ನಿಮಗೆ ಗೊತ್ತಿದ್ದದ್ದೇ. ಗಾಜಾಕ್ಕೆ ಹೋಗುವ ದಾರಿಯಲ್ಲಿ ಇಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಪುಸ್ತಕ ಓದುತ್ತಿರುತ್ತಾನೆ. ಸುವಾರ್ತೆ ಸಾರುವ ಫಿಲಿಪ್ಪ ಹತ್ತಿ ಕೂತು ಅರ್ಥ ಹೇಳುತ್ತಾನೆ. 36ರಲ್ಲಿ ಆ ಅಧಿಕಾರಿ, ಇಗೋ ನೀರಿದೆ, ನನಗೆ ದೀಕ್ಷಾಸ್ನಾನ ಆಗಲು ಏನು ಅಡ್ಡಿ ಅಂತ ಕೇಳುತ್ತಾನೆ. 38ರಲ್ಲಿ ಇಬ್ಬರೂ ನೀರಿಗೆ ಇಳಿಯುತ್ತಾರೆ. ನಡುವಿನ 37ರಲ್ಲಿ ಇರುವುದು, ಮನಸಾರೆ ನಂಬಿದರೆ ಆಗಬಹುದು ಎಂಬ ಫಿಲಿಪ್ಪನ ಮಾತು ಮತ್ತು ನಂಬುತ್ತೇನೆ ಎಂಬ ಆ ಅಧಿಕಾರಿಯ ಉತ್ತರ.

ಇದು ಹಳೆಯ ಮಾತೇ. 2ನೇ ಶತಮಾನದ ಬಿಷಪ್ ಐರೇನಿಯಸ್‌ಗೂ ಗೊತ್ತಿತ್ತು. ಆದರೆ ಸೀನಾಯ್ ಬೆಟ್ಟದ ಮಠದಲ್ಲಿ ಸಿಕ್ಕಿದ ಕೈಬರಹದ ಗ್ರೀಕ್ ಪ್ರತಿ, ವ್ಯಾಟಿಕನ್ನಿನಲ್ಲಿರುವ ಪ್ರತಿ, ಎರಡರಲ್ಲೂ ಈ ಸಾಲು ಇಲ್ಲ. ಎರಡೂ 4ನೇ ಶತಮಾನದವು. 1516ರಲ್ಲಿ ಎರಾಸ್ಮಸ್ ಎಂಬ ವಿದ್ವಾಂಸರು ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದಾಗ ಇದನ್ನು ಸೇರಿಸಿದರು. ಅವರ ಕೈಯಲ್ಲಿದ್ದ ಪ್ರತಿಗಳು ಕೆಲವೇ, ಅವೂ ತೀರಾ ಹಳೆಯವಲ್ಲ. ಆಮೇಲೆ 1551ರಲ್ಲಿ ರೊಬೇರ್ ಎಸ್ತಿಯೆನ್ ಎಂಬ ಮುದ್ರಕ ಹೊಸ ಒಡಂಬಡಿಕೆಯ ವಚನಗಳಿಗೆ ನಂಬರು ಹಾಕಿದರು. ಆಗ ಅಚ್ಚಿನಲ್ಲಿದ್ದ ಆ ಸಾಲಿಗೂ 37 ಅಂತ ನಂಬರು ಬಿತ್ತು. 1611ರ ಇಂಗ್ಲಿಷ್ ಅನುವಾದವಾದ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಅದು ಇರುವುದು ಈ ದಾರಿಯಿಂದ.

ಹಳೆಯ ಪ್ರತಿಗಳು ಹೊರಗೆ ಬಂದ ಮೇಲೆ ಅನುವಾದಕರು ಆ ಸಾಲನ್ನು ಅಡಿಟಿಪ್ಪಣಿಗೆ ಇಳಿಸಿದರು. ನಂಬರು ಮಾತ್ರ ಬದಲಿಸಲಿಲ್ಲ. ಬದಲಿಸಿದ್ದರೆ ಲೋಕದ ಪ್ರಸಂಗಗಳೆಲ್ಲ, ಸಂಡೇ ಸ್ಕೂಲಿನ ಬಾಯಿಪಾಠವೆಲ್ಲ ತಲೆಕೆಳಗಾಗುತ್ತಿತ್ತು. ಹಾಗಾಗಿ 36 ಆದ ಮೇಲೆ 38. ಮೊಮ್ಮಗನ ಹತ್ತಿರ ಪುಟದ ಕೆಳಗೆ ನೋಡಲು ಹೇಳಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಮತ್ತಾಯ 17ರಲ್ಲಿ 21ನೇ ವಚನಕ್ಕೂ ಹೀಗೇ ಆಗಿದೆ. ಮಾರ್ಕ 16ರ ಕೊನೆಯ ಹನ್ನೆರಡು ವಚನಗಳನ್ನೂ ಯೋಹಾನ 8ರ ಆರಂಭದ ವ್ಯಭಿಚಾರಿಣಿಯ ಕಥೆಯನ್ನೂ ಹೆಚ್ಚಿನ ಹೊಸ ಅನುವಾದಗಳು ಒಳಗೇ ಇಟ್ಟುಕೊಂಡು, ಹಳೆಯ ಪ್ರತಿಗಳಲ್ಲಿ ಇವು ಇಲ್ಲ ಅಂತ ಟಿಪ್ಪಣಿ ಹಾಕುತ್ತವೆ. ಯಾರೂ ಕದ್ದಿಲ್ಲ ಟೀಚರೇ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಲೆಕ್ಕ ಒಪ್ಪಿಸಿದ್ದಾರೆ. ಟಿಪ್ಪಣಿಯೇ ಇಲ್ಲದೆ ಎಲ್ಲ ಸರಿ ಇದೆ ಎನ್ನುವ ಹಾಗೆ ಅಚ್ಚು ಹಾಕುವ ಬೈಬಲ್ ಮೇಲೆಯೇ ನನಗೆ ಸಂಶಯ ಜಾಸ್ತಿ.

ಏಳು ಪುಸ್ತಕದ ವಿಷಯಕ್ಕೆ ಇಷ್ಟು ಉದ್ದ ಬೇಡ. ನಿಮ್ಮದು 66, ಸೊಸೆಯದು 73. ತೋಬಿತ್, ಯೂದಿತ್, ಮಕ್ಕಬಿಯರ ಎರಡು ಪುಸ್ತಕ, ಸೊಲೊಮೋನನ ಜ್ಞಾನ, ಸಿರಾಕ್, ಬಾರೂಕ್, ಇವು ಆ ಏಳು. ಎಸ್ತೇರ್, ದಾನಿಯೇಲ ಪುಸ್ತಕಗಳಲ್ಲೂ ಅವರಿಗೆ ಸ್ವಲ್ಪ ಹೆಚ್ಚಿನ ಭಾಗ ಇದೆ. ಯೇಸುವಿಗೆ ಮೊದಲೇ ಯೆಹೂದ್ಯರು ಗ್ರೀಕಿಗೆ ಮಾಡಿಕೊಂಡ ಶಾಸ್ತ್ರಗಳ ಜೊತೆ ಇವು ಬಂದವು, ಹೀಬ್ರೂ ಪಟ್ಟಿಯಲ್ಲಿ ಇರಲಿಲ್ಲ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಇವನ್ನು ಬಿಸಾಡಲಿಲ್ಲ, ಹಳೆಯ, ಹೊಸ ಒಡಂಬಡಿಕೆಗಳ ನಡುವೆ ಬೇರೆಯಾಗಿ ಇಟ್ಟರು. 1611ರ ಕಿಂಗ್ ಜೇಮ್ಸ್‌ನಲ್ಲೂ ಇದ್ದವು. ಲಂಡನ್ನಿನ ಬೈಬಲ್ ಸೊಸೈಟಿ ಇವುಗಳಿಗೆ ಹಣ ಕೊಡುವುದಿಲ್ಲ ಎಂದು ತೀರ್ಮಾನಿಸಿದ್ದು 1826ರಲ್ಲಿ. ಕನ್ನಡದ ಪೂರ್ತಿ ಬೈಬಲ್ ಬಂದದ್ದು 1831ರಲ್ಲಿ. ನಿಮ್ಮ ಅಜ್ಜನ ಕೈಗೆ 66 ಪುಸ್ತಕದ್ದೇ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಯಾರದು ಸರಿ ಎಂಬ ಜಗಳ ನಿಮ್ಮ ಸಭೆಯ ಅಯ್ಯನವರಿಗೂ ಸೊಸೆಯ ಕಡೆಯ ಫಾದರಿಗೂ ಬಿಡಿ. ತೋಬಿತನ ಕಥೆಯನ್ನು ಮೊಮ್ಮಗನಿಗೆ ಓದಿ ಹೇಳಿ, ನಾಯಿಯೂ ಬರುತ್ತದೆ ಆ ಕಥೆಯಲ್ಲಿ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಹಳೆಯದು ಪ್ರಾರ್ಥನೆಗೆ, ಹೊಸದು ಅಭ್ಯಾಸಕ್ಕೆ ಅಂತ ನೀವು ಲೆಕ್ಕ ಹಾಕಿದ್ದೀರಿ. ನನ್ನ ಅಭಿಪ್ರಾಯ ಕೇಳಿದರೆ ಇದನ್ನು ತಿರುಗಿಸಿ. ಹೊಸದನ್ನು ಮನೆಯ ಪ್ರಾರ್ಥನೆಗೆ ತನ್ನಿ, ಹಳೆಯದನ್ನು ನಿಮ್ಮ ಮೇಜಿಗೆ ಒಯ್ಯಿರಿ.

ಯಾಕೆ ಅಂತ ಹೇಳುತ್ತೇನೆ. ಎಫೆಸದವರಿಗೆ ಬರೆದ ಪತ್ರ ತೆಗೆಯಿರಿ. 1ನೇ ಅಧ್ಯಾಯದ 3ರಿಂದ 14ರ ತನಕ ಗ್ರೀಕಿನಲ್ಲಿ ಒಂದೇ ವಾಕ್ಯ! ಪೌಲ ಉಸಿರು ತೆಗೆಯದೆ ಹೇಳಿಕೊಂಡು ಹೋಗುತ್ತಾನೆ. ಅದನ್ನು ಹಾಗೇ ಕನ್ನಡಕ್ಕೆ ತಂದರೆ ಸಂಜೆ ಏಳೂವರೆಗೆ ಚಾಪೆಯ ಮೇಲೆ ಕೂತ ಹುಡುಗ ಎರಡನೇ ಸಾಲಿಗೆ ಆಕಳಿಸುತ್ತಾನೆ. ಆದ್ದರಿಂದ ಸರಳ ಭಾಷೆಯ ಅನುವಾದಗಳು ಅದನ್ನು ಕತ್ತರಿಸಿ ಸಣ್ಣ ಸಣ್ಣ ವಾಕ್ಯ ಮಾಡುತ್ತವೆ. ಕಿವಿಗೆ ಹಿತ. ಆದರೆ ಎಲ್ಲಿ ಕತ್ತರಿಸಬೇಕು, ಯಾವ ತುಂಡು ಯಾವುದಕ್ಕೆ ಸೇರಬೇಕು ಎಂಬುದನ್ನು ಅನುವಾದಕರೇ ಮೊದಲು ತೀರ್ಮಾನ ಮಾಡಿ ಮುಗಿಸಿರುತ್ತಾರೆ. ಅಭ್ಯಾಸಕ್ಕೆ ಕೂತವರಿಗೆ ಬೇಕಾದದ್ದು ಆ ತೀರ್ಮಾನದ ಮೊದಲಿನ ತೊಡಕು. ಹಳೆಯ ಕನ್ನಡ ಅನುವಾದವೂ ಅಕ್ಷರಕ್ಕೆ ಅಕ್ಷರ ಅಲ್ಲ, ಅದೂ ಎಷ್ಟೋ ಕಡೆ ಬಿಡಿಸಿ ಹೇಳುತ್ತದೆ. ಆದರೂ ತೊಡಕನ್ನು ತೊಡಕಾಗಿಯೇ ಬಿಡುವ ಗುಣ ಅದಕ್ಕೆ ಜಾಸ್ತಿ.

ಇನ್ನೊಂದು ಕಾರಣ ನಿಮ್ಮ ಮನೆಯದ್ದು. ಆ ಹಳೆಯ ಕನ್ನಡ ನಿಮಗೆ ಬಾಯಿಪಾಠ. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತ ನೀವು ಶುರು ಮಾಡಿದರೆ ಉಳಿದದ್ದು ತಾನಾಗಿ ಬರುತ್ತದೆ. ಸೊಸೆಗೂ ಮೊಮ್ಮಗನಿಗೂ ಅದು ಬಾಯಿಪಾಠ ಅಲ್ವಲ್ಲ? ಅವರು ಮರ್ಯಾದೆಗೆ ಸುಮ್ನೆ ಕೂತಿರುತ್ತಾರೆ, ಅಷ್ಟೇ.

ಹಾಗಾದರೆ ಯಾವ ಹೊಸದು? ಬೈಬಲ್ ಸೊಸೈಟಿಯ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್, ಅಂದರೆ ಸಾಮಾನ್ಯ ಭಾಷೆಯ) ಅನುವಾದ ನೋಡಿ. ಕನ್ನಡದಲ್ಲಿ ಪೂಜೆ ನಡೆಯುವ ಕಥೋಲಿಕ್ ಇಗರ್ಜಿಗಳಲ್ಲಿ ಕಿವಿಗೆ ಬೀಳುವುದು ಈ ಕನ್ನಡವೇ. ಆದ್ದರಿಂದ ಸೊಸೆಗೆ ಪೂರಾ ಹೊಸದೇನೂ ಆಗಲಿಕ್ಕಿಲ್ಲ. ನಿಮಗೆ ಮೊದಲ ವಾರ ಕಿರಿಕಿರಿ ಆಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಯೆಹೋವ ಇದ್ದಲ್ಲಿ ಸರ್ವೇಶ್ವರ. ಸುವಾರ್ತೆ ಇದ್ದಲ್ಲಿ ಶುಭಸಂದೇಶ. ದೀಕ್ಷಾಸ್ನಾನ ತಿರುಗಿ ಸ್ನಾನದೀಕ್ಷೆ ಆಗಿದೆ. ಪರಲೋಕರಾಜ್ಯ ಹೋಗಿ ಸ್ವರ್ಗಸಾಮ್ರಾಜ್ಯ ಬಂದಿದೆ. ಇದೆಲ್ಲ ಎರಡು ಸಭೆಗಳ ರೂಢಿ, ಸಿದ್ಧಾಂತದ ಯುದ್ಧ ಅಂತ ತಿಳಿಯಬೇಡಿ. ಏಳು ಪುಸ್ತಕವೂ ಸೇರಿದ ಆವೃತ್ತಿಯನ್ನೇ ಕೇಳಿ ತನ್ನಿ. ಇದರ ಹೊರತು ಇನ್ನೂ ಸರಳವಾದ ಅನುವಾದಗಳು ಕನ್ನಡದಲ್ಲಿ ಬಂದಿವೆ, ಹೆಚ್ಚಿನವು ಮೊಬೈಲ್ ಆ್ಯಪಿನಲ್ಲಿ ಪುಕ್ಕಟೆ ಸಿಗುತ್ತವೆ. ದುಡ್ಡು ಕೊಡುವ ಮೊದಲು ಅಲ್ಲೇ ಓದಿ ನೋಡಬಹುದು.

ಓದಿ ನೋಡುವಾಗ ಒಂದು ಎಚ್ಚರಿಕೆ. 23ನೇ ಕೀರ್ತನೆಯನ್ನೋ ಯೋಹಾನ 3:16ನ್ನೋ ತೆಗೆದು ಹೋಲಿಸಬೇಡಿ. ಎಲ್ಲರೂ ಮಾಡುವುದು ಅದನ್ನೇ. ನಿಮಗೆ ಅಭ್ಯಾಸವಾದ ಮಾತೇ ಚೆಂದ ಅನಿಸುತ್ತದೆ, ಬೇರೆ ಏನು ಹಾಕಿದರೂ ತಪ್ಪು ಕಾಣುತ್ತದೆ. ಅದರ ಬದಲು ಫಿಲೆಮೋನನಿಗೆ ಬರೆದ ಪತ್ರ ತೆಗೆಯಿರಿ. ಒಂದೇ ಅಧ್ಯಾಯ, 25 ವಚನ, ಐದು ನಿಮಿಷದೊಳಗೆ ಮುಗಿಯುತ್ತದೆ. ಸೆರೆಯಲ್ಲಿರುವ ಪೌಲ, ಒನೇಸಿಮ ಎಂಬ ದಾಸನನ್ನು ಅವನ ಧಣಿಯ ಹತ್ತಿರ ವಾಪಸು ಕಳಿಸುತ್ತಾ ಬರೆದ ಶಿಫಾರಸು. ಹೇಳಬೇಕಾದ್ದನ್ನು ನೇರ ಹೇಳದೆ, ಪ್ರೀತಿಯಿಂದಲೇ ಧಣಿಯನ್ನು ಕಟ್ಟಿಹಾಕುವ ಜಾಣ ಪತ್ರ. ಇವನಿಂದ ನಿನಗೆ ಏನಾದರೂ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು ಎನ್ನುವ ಪೌಲ, ನೀನೇ ನನಗೆ ಎಷ್ಟು ಬಾಕಿ ಎಂಬುದನ್ನು ನಾನು ಹೇಳುವುದಿಲ್ಲ ಅಂತ ಕೂಡಲೇ ಸೇರಿಸುತ್ತಾನೆ. ಹೇಳುವುದಿಲ್ಲ ಅಂತಲೇ ಹೇಳಿಯೂ ಆಯಿತು!

ಮುನ್ನುಡಿ ಏನೂ ಇಲ್ಲದೆ ಇದನ್ನು ಮೊಮ್ಮಗನಿಗೆ ಗಟ್ಟಿಯಾಗಿ ಓದಿ. ಯಾರು ಯಾರಿಗೆ ಬರೆದದ್ದು, ಏನು ಕೇಳುತ್ತಿದ್ದಾನೆ, ದುಡ್ಡಿನ ಮಾತು ಯಾಕೆ ಬಂತು ಅಂತ ಪ್ರಶ್ನೆ ಹಾಕಿ. ಅಷ್ಟು ವರ್ಷ ಪಾಠ ಮಾಡಿದವರಿಗೆ ನಾನು ಇದನ್ನು ಕಲಿಸಬೇಕಾ? ಯಾವ ಅನುವಾದದಲ್ಲಿ ಓದಿದಾಗ ಹುಡುಗ ಸರಿ ಉತ್ತರ ಕೊಡುತ್ತಾನೋ ಪ್ರಾರ್ಥನೆಗೆ ಅದೇ ಇರಲಿ. ನನ್ನ ಸಿ.ಎಲ್. ಶಿಫಾರಸು ಬಿದ್ದುಹೋದರೂ ಬೇಸರವಿಲ್ಲ.

ಕೀರ್ತನೆಗಳಿಗೆ ಮಾತ್ರ ಒಂದು ವಿನಾಯಿತಿ ಇರಲಿ. ಅವನ್ನು ನೀವು ಹಳೆಯದರಲ್ಲೇ ಹೇಳಿ. ಮಕ್ಕಳು ಕೀರ್ತನೆ ಕಲಿಯುವುದು ಅರ್ಥದಿಂದಲ್ಲ, ಕೇಳಿ ಕೇಳಿ.

ಮಗನ ಮಾತಿಗೆ ಬರುತ್ತೇನೆ. ಇಂಗ್ಲಿಷಿನಲ್ಲಿ ಸಲಕರಣೆ ಜಾಸ್ತಿ, ಅದನ್ನು ಒಪ್ಪಬೇಕು. ಎನ್‌ಐವಿ, ಎನ್‌ಆರ್‌ಎಸ್‌ವಿ, ಇಎಸ್‌ವಿ ಅಂತ ಸಾಲು ಸಾಲಾಗಿ ಇವೆ. ಎನ್‌ಐವಿ ಓದಲು ಸಲೀಸು. ಉಳಿದ ಎರಡು ಮೂಲದ ವಾಕ್ಯಕ್ಕೆ ಇನ್ನೂ ಹತ್ತಿರ ನಡೆಯುತ್ತವೆ. ಅಭ್ಯಾಸದ ಮೇಜಿನಲ್ಲಿ ಕನ್ನಡದ ಪಕ್ಕ ಇವುಗಳಲ್ಲಿ ಒಂದನ್ನು ಇಟ್ಟುಕೊಳ್ಳಿ, ಖಂಡಿತ ಉಪಕಾರ ಆಗುತ್ತದೆ. ಆದರೆ ಇಂಗ್ಲಿಷೇ ಸಾಕು ಎನ್ನುವ ಮಾತು ನನಗೆ ಹಿಡಿಸುವುದಿಲ್ಲ. ಇಂಗ್ಲಿಷೂ ಅನುವಾದವೇ ತಾನೇ? ಕಿಂಗ್ ಜೇಮ್ಸ್ ಕೂಡ ಮೂಲವಲ್ಲ. ಮೂಲ ಇರುವುದು ಹೀಬ್ರೂ, ಸ್ವಲ್ಪ ಭಾಗ ಅರಾಮಿಕ್, ಆಮೇಲೆ ಗ್ರೀಕ್.

ನಮ್ಮ ಕಡೆಯ ಭಾಷೆಗಳಿಗೆ ಇದನ್ನು ತರಲು ಜನ ಸುಮ್ಮನೆ ಬೆವರು ಸುರಿಸಿದ್ದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಕನ್ನಡದ ಕೆಲಸ ಹಿಡಿದರು. ಆ 1831ರ ಬೈಬಲ್ ಹಿಂದೆ ಇರುವುದು ಆ ದುಡಿಮೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು ಅದರ ನಂತರ, 1834ರಲ್ಲಿ. ಬಂದವರು ಇರುವ ಅನುವಾದಕ್ಕೇ ತೃಪ್ತರಾಗದೆ ವೈಗ್ಲೆ, ಮೋಗ್ಲಿಂಗ್ ಮುಂತಾದವರ ಕೈಯಲ್ಲಿ ಮತ್ತೆ ತಿದ್ದಿಸಿದರು. 1847ಕ್ಕೆ ತುಳುವಿನಲ್ಲೂ ಹೊಸ ಒಡಂಬಡಿಕೆ ಬಂತು, ಅದರ ಹಿಂದೆ ಅಮ್ಮನ್ ಎಂಬ ಮಿಷನರಿಯ ಕೆಲಸವಿದೆ. ಆದರೂ ಶಾಲೆ, ಸಭೆ ಎರಡೂ ಕನ್ನಡಕ್ಕೆ ಒಗ್ಗಿಕೊಂಡವು. ಹೀಗಾಗಿ ತುಳುವಿನಲ್ಲಿ ಬೈದು ಕನ್ನಡದಲ್ಲಿ ಪ್ರಾರ್ಥಿಸುವ ಮನೆಗಳು ನಮ್ಮವು!

ಅಂದರೆ ಹಳೆಯದು ಅಂತ ನೀವು ಹೇಳುವ ಬೈಬಲ್ ಕೂಡ ಒಂದು ಕಾಲಕ್ಕೆ ಹೊಸ ತಿದ್ದುಪಡಿಯೇ. ಅದು ಬಂದಾಗಲೂ ಯಾರಾದರೂ ಒಬ್ಬರು ಅಜ್ಜಿ ಗೊಣಗಿರಬೇಕು.

ಅಭ್ಯಾಸ ಶುರು ಮಾಡಲು ದಪ್ಪ ಸ್ಟಡಿ ಬೈಬಲ್ ಕೊಳ್ಳಬೇಡಿ. ಪುಟದ ಮೇಲೆ ಆರು ಸಾಲು ವಚನ, ಕೆಳಗೆ ನಲವತ್ತು ಸಾಲು ವಿವರಣೆ. ವಚನ ಮುಗಿಯುವ ಮೊದಲೇ ಕಣ್ಣು ಕೆಳಗೆ ಓಡುತ್ತದೆ, ಮತ್ತೆ ನೀವು ಓದುವುದು ಆ ವಿವರಣೆ ಬರೆದವರನ್ನು. ಹಳೆಯ ಕನ್ನಡ, ಹೊಸ ಕನ್ನಡ, ಒಂದು ಇಂಗ್ಲಿಷ್, ಒಂದು ನೋಟುಬುಕ್. ಮೂರೂ ಒಂದೇ ರೀತಿ ಹೇಳುವ ಕಡೆ ಮುಂದೆ ಹೋಗಿ. ಒಂದಕ್ಕೊಂದು ಹೊಂದದ ಕಡೆ ನಿಲ್ಲಿ, ವಚನದ ನಂಬರು ಬರೆದಿಟ್ಟುಕೊಳ್ಳಿ. ಸಾಧಾರಣವಾಗಿ ಅಲ್ಲೇ ಮೂಲದಲ್ಲಿ ಏನೋ ಕಷ್ಟ ಇರುತ್ತದೆ. ಬೈಬಲ್ ಸ್ಟಡಿಗೆ ಹೋಗುವಾಗ ಆ ಪಟ್ಟಿ ಹಿಡಿದುಕೊಂಡು ಹೋಗಿ. ಪಾಪ, ಅಯ್ಯನವರಿಗೆ ಸ್ವಲ್ಪ ಕೆಲಸ ಜಾಸ್ತಿ ಆಗಬಹುದು.

ಅಜ್ಜನ ಪ್ರತಿಯ ಬೆನ್ನು ಕಿತ್ತುಹೋಗಿದೆ ಅಂತ ಬರೆದಿದ್ದೀರಿ. ಸೆಲ್ಲೋ ಟೇಪ್ ಅಂಟಿಸಬೇಡಿ, ನಮ್ಮ ಮಳೆಗಾಲದ ತೇವಕ್ಕೆ ಅದರ ಅಂಟು ಕಾಗದವನ್ನೇ ತಿನ್ನುತ್ತದೆ. ಮೊದಲ ಪುಟದಲ್ಲಿ ಮುದ್ರಣದ ವರ್ಷ ನೋಡಿ. 19ನೇ ಶತಮಾನದ್ದಾದರೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ತೋರಿಸಿ. ಬಾಸೆಲ್ ಮಿಷನ್ ಕಾಲದ ಕಡತ, ಪುಸ್ತಕಗಳನ್ನು ಅಲ್ಲಿ ಕಾಪಾಡಿ ಇಟ್ಟಿದ್ದಾರೆ. ದಿನದ ಓದಿಗೆ ಅದೇ ಅನುವಾದದ ಹೊಸ ಮುದ್ರಣ ತೆಗೆದುಕೊಳ್ಳಿ.

ಕೊಳ್ಳಲು ಹೋಗುವಾಗ ಸೊಸೆಯನ್ನೂ ಕರೆದುಕೊಂಡು ಹೋಗಿ. ಅಂಗಡಿಯವರು ಜಿಪ್ ಇರುವುದು, ಬಂಗಾರದ ಅಂಚಿನದ್ದು ಎಲ್ಲ ತೋರಿಸುತ್ತಾರೆ. ಅದು ಉಡುಗೊರೆ ಕೊಡುವವರಿಗೆ ಇರಲಿ. ನೀವು ನಡುವಿನ ಯಾವುದಾದರೂ ಪುಟ ಬಿಡಿಸಿ, ಹಿಂದಿನ ಪುಟದ ಅಕ್ಷರ ಈಚೆಗೆ ಕಾಣುತ್ತದಾ ನೋಡಿ. ಆಮೇಲೆ ಕನ್ನಡಕ ಹಾಕಿಕೊಂಡು ಕೆಳಗಿನ ಅಡಿಟಿಪ್ಪಣಿ ಓದಿ. ಅದು ಕಣ್ಣಿಗೆ ಹಿಡಿದರೆ ಮಾತ್ರ ದುಡ್ಡು ಕೊಡಿ.

– ಸಂ.